ಥಾಯ್ ಕೀಮಾ ಪ್ಯಾಟಿ ಒಡೆಯದಿರಲು ಹುರಿದಕ್ಕಿ ಪುಡಿ

ಉಳಿದ ಪುದೀನ, ಕೊತ್ತಂಬರಿ, ಥಾಯ್ ಬೇಸಿಲ್ ಎಲ್ಲ ಅರ್ಧ ಕೆಜಿ ಚಿಕನ್ ಕೀಮಾಗೆ ಹಾಕಿದರೆ ಪ್ಯಾಟಿ ತವಾ ಮೇಲೆ ಒಡೆದು ಹೋಗುತ್ತದೆ ಅಂತ ಬರೆದಿದ್ದೀರಿ. ಸೊಪ್ಪಿನ ನೀರೇ ಕಾರಣ ಇರಬೇಕು. ತೊಳೆದು, ಬಟ್ಟೆ ಮೇಲೆ ಹರಡಿ, ಪೂರ್ತಿ ಆರಿದ ಮೇಲೆ ಹೆಚ್ಚಿ.

ಮೊಟ್ಟೆ, ಬ್ರೆಡ್ ಪುಡಿ ಏನೂ ಬೇಡ. ಈಶಾನ್ಯ ಥಾಯ್ಲೆಂಡಿನಲ್ಲಿ ಲಾಬ್ ಅನ್ನೋ ಕೀಮಾ ಅಡುಗೆ ಇದೆ. ಅದನ್ನೇ ಉಂಡೆ ಮಾಡಿ ಕರಿದರೆ ಲಾಬ್ ಥಾಟ್. ಇದಕ್ಕೆ ಹುರಿದ ಅಂಟಕ್ಕಿಯ ಪುಡಿ ಹಾಕುತ್ತಾರೆ. ನೀರೂ ಹೀರುತ್ತದೆ, ಘಮವೂ ಬರುತ್ತದೆ. ಅಂಟಕ್ಕಿ ಸಿಗದಿದ್ದರೆ ಸೋನಾ ಮಸೂರಿ ಸಾಕು. ಸಣ್ಣ ಉರಿಯಲ್ಲಿ ಕೆಂಪಗೆ ಹುರಿದು, ಆರಿಸಿ, ಸಣ್ಣಗೆ ಪುಡಿ ಮಾಡಿ. ನಿಮ್ಮ ಅಳತೆಗೆ 3 ದೊಡ್ಡ ಚಮಚ.

ಕೊತ್ತಂಬರಿ ಬೇರು ಎಸೆಯಬೇಡಿ! ನಮ್ಮಲ್ಲಿ ಕಟ್ಟು ಬೇರು ಸಮೇತವೇ ಬರುತ್ತದೆ ಅಲ್ವಾ. ಬೆಳ್ಳುಳ್ಳಿ, ಬಿಳಿ ಮೆಣಸಿನ ಜೊತೆ ಜಜ್ಜಿ. ಥಾಯ್ ಅಡುಗೆಯ ಎಷ್ಟೋ ರುಚಿ ಶುರುವಾಗುವುದೇ ಅಲ್ಲಿಂದ. ಒಂದೂವರೆ ದೊಡ್ಡ ಚಮಚ ಫಿಶ್ ಸಾಸ್ ಹಾಕಿ, ಅದರಲ್ಲೇ ಉಪ್ಪು ಇರುವುದರಿಂದ ಬೇರೆ ಉಪ್ಪು ಬೇಡ. ಕೀಮಾ ಕೈಗೆ ಅಂಟುವವರೆಗೂ ಚೆನ್ನಾಗಿ ನಾದಿ, ಕೊನೆಗೆ ಸೊಪ್ಪು ಸೇರಿಸಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ.

ನಿಂಬೆರಸ ಮಾತ್ರ ಹಸಿ ಕೀಮಾಗೆ ಹಾಕಬೇಡಿ, ಪ್ಯಾಟಿ ಪುಡಿಪುಡಿ ಆಗುತ್ತದೆ. ತಿನ್ನುವಾಗ ಹಿಂಡಿಕೊಳ್ಳಿ. ಪುದೀನವನ್ನೂ ಅರ್ಧ ಎತ್ತಿಟ್ಟು ಹಸಿಯಾಗಿಯೇ ಜೊತೆಗೆ ಕೊಡಿ, ಬೆಂದರೆ ಅದರ ಘಮ ಉಳಿಯಲ್ಲ.

ಪ್ಯಾಟಿ ತೆಳ್ಳಗಿರಲಿ. ಮಧ್ಯಮ ಉರಿಯಲ್ಲಿ ಒಂದೊಂದು ಬದಿಗೆ ಸುಮಾರು 4 ನಿಮಿಷ, ತಳ ಕೆಂಪಾಗುವ ತನಕ ಮುಟ್ಟಬೇಡಿ. ಚಿಕನ್ ಆದ್ದರಿಂದ ಒಂದನ್ನು ಮುರಿದು, ಒಳಗೆ ಹಸಿ ಇಲ್ಲ ಅಂತ ನೋಡಿಕೊಳ್ಳಿ.