ಮಗನ ಕುಡಿತ: ಸಾರಿನಲ್ಲಿ ಮಾತ್ರೆ ಬೆರೆಸಬಹುದೇ?

ಪ್ರಶ್ನೆ: ಮಗನಿಗೆ 29 ವರ್ಷ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಾಗಿನಿಂದ ಕುಡಿತ ಹೆಚ್ಚಾಗಿದೆ, ಈಗ ದಿನಕ್ಕೆ ಎರಡು ಕ್ವಾರ್ಟರ್. ಬೆಳಿಗ್ಗೆ ಕೈ ನಡುಗುತ್ತದೆ, ಒಂದು ಪೆಗ್ ಬಿದ್ದ ಮೇಲೆಯೇ ಮುಖ ತೊಳೆಯುವುದು. ಯಜಮಾನರು ಎರಡು ಸಲ ಸಾಲ ತೀರಿಸಿದರು. ಈಗ ಲೋನ್ ಆ್ಯಪ್‌ನವರು ನಮಗೇ ಫೋನ್ ಮಾಡುತ್ತಾರೆ. ಆಸ್ಪತ್ರೆ ಎಂದರೆ ಎದ್ದು ಹೋಗುತ್ತಾನೆ. ನಾದಿನಿ ಒಂದು ಮಾತ್ರೆ ಕೊಟ್ಟು, ಗೊತ್ತಾಗದಂತೆ ಸಾರಿಗೆ ಹಾಕಿ ಎಂದಿದ್ದಾಳೆ. ನಾಲ್ಕು ದಿನ ಕೋಣೆಯಲ್ಲಿ ಕೂಡಿಹಾಕೋಣ ಎನ್ನುತ್ತಾರೆ ಇವರು. ಯಾವುದು ಸರಿ?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಎರಡೂ ಬೇಡಮ್ಮ. ಎರಡರಲ್ಲೂ ಜೀವಕ್ಕೇ ಅಪಾಯವಿದೆ.

ಹೀಗೆ ಕದ್ದು ಬೆರೆಸಲು ಕೊಡುವ ಮಾತ್ರೆ ಸಾಮಾನ್ಯವಾಗಿ ಡೈಸಲ್ಫಿರಾಂ. ಮದ್ಯ ಹೊಟ್ಟೆಗೆ ಹೋದ ಮೇಲೆ ಅಸಿಟಾಲ್ಡಿಹೈಡ್ ಎಂಬ ವಿಷವಾಗಿ, ಆಮೇಲೆ ಕರಗಿಹೋಗುತ್ತದೆ. ಈ ಮಾತ್ರೆ ಆ ಕರಗುವ ಹಂತವನ್ನೇ ತಡೆಯುತ್ತದೆ. ಅದರ ಮೇಲೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಡವಗುಟ್ಟಿ, ಬಿಪಿ ಕುಸಿಯುತ್ತದೆ. ಹೃದಯ ದುರ್ಬಲವಾಗಿದ್ದರೆ ಪ್ರಾಣವೇ ಹೋಗಬಹುದು. ಯಾಕೆ ಹೀಗಾಯಿತೆಂದು ಅವನಿಗೂ ತಿಳಿಯದು, ನೋಡುವ ಡಾಕ್ಟರಿಗೂ ತಿಳಿಯದು. ಇದೇ ಮಾತ್ರೆಯನ್ನು ಲಿವರ್ ಪರೀಕ್ಷೆ ಮಾಡಿಸಿ, ಕೊನೆಯ ಗುಟುಕಿನಿಂದ ಕನಿಷ್ಠ 12 ಗಂಟೆ ಕಳೆದ ಮೇಲೆ, ಅವನು ಒಪ್ಪಿ, ದಿನಾ ಬೆಳಿಗ್ಗೆ ನಿಮ್ಮೆದುರೇ ನುಂಗಿದರೆ ಒಳ್ಳೆಯ ಔಷಧ.

ಇನ್ನು ಕೂಡಿಹಾಕುವುದು. ಒಂದು ಕ್ವಾರ್ಟರ್ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ದಿನಾ ಅದರ ಎರಡರಷ್ಟು ಕುಡಿಯುವವನಿಗೆ ಬೆಳಿಗ್ಗೆ ಕೈ ನಡುಗಿದರೆ ಅದು ಹಟವಲ್ಲ, ದೇಹ ಅದಕ್ಕೆ ಒಗ್ಗಿಹೋಗಿದೆ. ದಿಢೀರನೆ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಸನ್ನಿ ಹಿಡಿಯಬಹುದು: ಇಲ್ಲದ್ದು ಕಾಣುವುದು, ಮೈಯೆಲ್ಲ ಬೆವರು, ಮನೆಯವರ ಗುರುತೇ ಸಿಗದಿರುವುದು. ನಿಮ್ಮ ಯಜಮಾನರು ಹೇಳಿದ ನಾಲ್ಕು ದಿನ ಇದೇ ನಾಲ್ಕು ದಿನ. ಹಾಗಾಗಿ ವೈದ್ಯರನ್ನು ಕಾಣುವವರೆಗೆ ಬಾಟಲಿ ಚೆಲ್ಲಲು ಹೋಗಬೇಡಿ.

ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಐದರಿಂದ ಏಳು ದಿನ ಡಯಾಜೆಪಾಂ ತರಹದ ಮಾತ್ರೆಯನ್ನು ಕಡಿಮೆ ಮಾಡುತ್ತಾ ಬರುತ್ತಾರೆ, ಜೊತೆಗೆ ಥಯಮಿನ್, ಅಂದರೆ ಬಿ1, ಇಂಜೆಕ್ಷನ್. ಸುಸ್ತೆಂದು ಹತ್ತಿರದ ಕ್ಲಿನಿಕ್ಕಿನಲ್ಲಿ ಬರೀ ಗ್ಲುಕೋಸ್ ಹಾಕಿಸಬೇಡಿ. ಬಿ1 ಇಲ್ಲದ ದೇಹಕ್ಕೆ ಗ್ಲುಕೋಸ್ ಹೋದರೆ ಮೆದುಳಿಗೇ ಪೆಟ್ಟು ಬೀಳಬಹುದು. "ದಿನಾ ಕುಡಿಯುತ್ತಾನೆ, ಮೊದಲು ಬಿ1 ಕೊಡಿ" ಎಂದು ಬಾಯಿಬಿಟ್ಟು ಹೇಳಿ, ಸಂಕೋಚ ಬೇಡ.

ಅವನನ್ನು ಹೊರಡಿಸುವುದು ಹೇಗೆ? ಕುಡಿದಾಗ ಒಂದಕ್ಷರವೂ ಬೇಡ. ಅಮಲು ಇಳಿದಾಗ, ಅವನೇ ಹೇಳಿಕೊಳ್ಳುವ ತೊಂದರೆ ಹಿಡಿದು ಮಾತೆತ್ತಿ: ನಿದ್ದೆ ಬರುವುದಿಲ್ಲ, ಹೊಟ್ಟೆ ಉರಿ, ಕೈ ನಡುಕ. "ರಾತ್ರಿ ನೀನು ಬಾಗಿಲಲ್ಲೇ ಬಿದ್ದಿದ್ದೆ, ನನಗೆ ಭಯ ಆಯ್ತು ಕಣೋ. ನಾಳೆ ಹತ್ತಕ್ಕೆ ಡಾಕ್ಟರ್ ಹತ್ರ ಹೋಗೋಣ, ನಾನೂ ಬರ್ತೀನಿ." ಇಷ್ಟೇ. ಹಳೆಯ ಲೆಕ್ಕ, ಪಕ್ಕದ ಮನೆ ಹುಡುಗನ ಸಂಬಳ ಇದರಲ್ಲಿ ಬರಕೂಡದು. ಅವನು ಹೂಂ ಎಂದ ದಿನವೇ ಹೊರಡಬೇಕು, ಆದ್ದರಿಂದ ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗ ಯಾವ ದಿನ, ಎಷ್ಟು ಹೊತ್ತಿಗೆ ಎಂದು ಮೊದಲೇ ವಿಚಾರಿಸಿಟ್ಟುಕೊಳ್ಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲೂ ರಾತ್ರಿ ಇದೆ, ಕನ್ನಡದಲ್ಲಿ ಮಾತಾಡಬಹುದು. ಅವನು ಬರದಿದ್ದರೂ ನೀವೊಬ್ಬರೇ ಕರೆ ಮಾಡಿ.

ಹಿಂಸೆಗೆ ಇಳಿದರೆ, ತನ್ನನ್ನು ತಾನೇ ನೋಡಿಕೊಳ್ಳಲಾಗದ ಸ್ಥಿತಿ ಬಂದರೆ, 2017ರ ಮಾನಸಿಕ ಆರೋಗ್ಯ ಕಾಯ್ದೆಯ 89ನೇ ಕಲಮಿನಡಿ, ಇಬ್ಬರು ತಜ್ಞರು ಪ್ರತ್ಯೇಕವಾಗಿ ಪರೀಕ್ಷಿಸಿ, 30 ದಿನದವರೆಗೆ ದಾಖಲು ಮಾಡಿಕೊಳ್ಳಬಹುದು. ಅರ್ಧರಾತ್ರಿ ವ್ಯಾನ್ ತಂದು ಎತ್ತಿಕೊಂಡು ಹೋಗುವ 'ಸೆಂಟರ್'ಗಳಿಗೆ ಈ ಅಧಿಕಾರವಿಲ್ಲ. ನೋಂದಣಿ ಪತ್ರ ತೋರಿಸದವರಿಗೆ ಮುಂಗಡ ಕೊಡಬೇಡಿ. ಸಾಯುತ್ತೇನೆ ಎಂದರೆ ಬೆದರಿಕೆ ಎಂದು ತಳ್ಳಿಹಾಕದೆ ನೇರವಾಗಿ ಕೇಳಿ, ಕಳೆನಾಶಕ, ಇಲಿಪಾಷಾಣ ಮನೆಯಿಂದ ಅಂದೇ ಸಾಗಿಸಿ. ಕೈ ಎತ್ತಿದರೆ ವಾದಕ್ಕೆ ನಿಲ್ಲದೆ ಹೊರಗೆ ಬಂದು 112ಕ್ಕೆ ಕರೆ ಮಾಡಿ.

ಸಾಲದ ವಿಷಯದಲ್ಲಿ ಸ್ವಲ್ಪ ಕಟುವಾಗಿಯೇ ಹೇಳಬೇಕು. ನೀವು ಜಾಮೀನು ಹಾಕಿಲ್ಲದಿದ್ದರೆ, ಜೊತೆಸಾಲಗಾರರಾಗಿ ಸಹಿ ಮಾಡಿಲ್ಲದಿದ್ದರೆ, ವಯಸ್ಕ ಮಗನ ಸಾಲ ನಿಮ್ಮ ಸಾಲವಲ್ಲ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡಿ ಕಾಡುವಂತಿಲ್ಲ, ಮನೆಯವರ ಮಾನ ಕಳೆಯುವಂತಿಲ್ಲ. ಇದು ರಿಸರ್ವ್ ಬ್ಯಾಂಕಿನ ನಿಯಮ. ಕರೆಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಫೋಟೋ ತಿರುಚಿ ಹೆದರಿಸಿದರೆ ಠಾಣೆಗೆ ದೂರು ಕೊಡಿ, ಹಣವೇ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎರಡು ಸಲ ನೀವು ತೀರಿಸಿದ್ದರಿಂದ ಮೂರನೆಯದು ಹುಟ್ಟಿತು. ಊಟ, ಹಾಸಿಗೆ, ಔಷಧದ ಬಿಲ್ ಕೊಡಿ. ಬಿಲ್ಲನ್ನೂ ಅಂಗಡಿಗೆ ನೀವೇ ಕಟ್ಟಿ, ಕೈಗೆ ನೋಟು ಬೇಡ. ಎಟಿಎಂ ಪಿನ್ ಬದಲಿಸಿ, ಒಡವೆ ಲಾಕರಿಗೆ ಹಾಕಿ. ಇದನ್ನು ನೀವಿಬ್ಬರೂ ಕೂತು ಒಪ್ಪಿಕೊಂಡ ಮೇಲೆಯೇ ಅವನಿಗೆ ಹೇಳಿ. ಅಪ್ಪ ಇಲ್ಲ ಎಂದ ಇನ್ನೂರು ರೂಪಾಯಿ ಅಮ್ಮನ ಸೆರಗಿನ ಗಂಟಿನಿಂದ ಬಿಚ್ಚಿಕೊಂಡರೆ ಮನೆಯ ಯಾವ ನಿಯಮವೂ ಒಂದು ವಾರ ಬಾಳುವುದಿಲ್ಲ. ಮೊದಮೊದಲು ಅವನ ಕೂಗಾಟ ಜಾಸ್ತಿಯೇ ಆಗುತ್ತದೆ. ಅದಕ್ಕೆ ಸೋತು ಒಮ್ಮೆ ಕೊಟ್ಟರೆ, ಎಷ್ಟು ಕೂಗಿದರೆ ಸಿಗುತ್ತದೆ ಎಂದು ಅವನಿಗೆ ಲೆಕ್ಕ ಸಿಕ್ಕಿಬಿಡುತ್ತದೆ.

ಪ್ರಶ್ನೆ: ಮಗ ಚಿಕಿತ್ಸೆ ಮುಗಿಸಿ ಬಂದು ಮೂರು ವಾರವಾಯಿತು, ಕುಡಿದಿಲ್ಲ. ಹೆಣ್ಣು ನೋಡಬಹುದೇ? ಜವಾಬ್ದಾರಿ ಬಂದರೆ ಸರಿಹೋಗುತ್ತಾನೆ ಎನ್ನುತ್ತಾರೆ.
– ಓದುಗರು, ದಾವಣಗೆರೆ

ಉತ್ತರ: ಈಗ ಬೇಡ. ಮತ್ತೆ ಕುಡಿತಕ್ಕೆ ಬೀಳುವುದು ಮೊದಲ ಕೆಲವು ತಿಂಗಳಲ್ಲೇ ಹೆಚ್ಚು, ಮದುವೆಯ ಓಡಾಟ, ಖರ್ಚು, ನೆಂಟರ ಪಾರ್ಟಿ ಎಲ್ಲವೂ ಅತ್ತಲೇ ನೂಕುತ್ತವೆ. ಬರುವ ಹುಡುಗಿ ಯಾರ ಮಗನಿಗೂ ಔಷಧಿಯಲ್ಲ. ಮುಂದೆ ಸಂಬಂಧ ಕೂಡಿಬಂದಾಗಲೂ ಹುಡುಗಿಗೆ ಇದನ್ನು ಮುಚ್ಚಿಡಬಾರದು. ಸದ್ಯಕ್ಕೆ ಕುಡಿಯುವ ಆಸೆ ತಗ್ಗಿಸುವ ಔಷಧ ಬರೆದಿದ್ದಾರೆಯೇ ಕೇಳಿ. ನಾಲ್‌ಟ್ರೆಕ್ಸೋನ್ ಆದರೆ ಸಾಮಾನ್ಯವಾಗಿ ದಿನಕ್ಕೆ 50 ಮಿಲಿಗ್ರಾಂ, ತಿಂಗಳುಗಟ್ಟಲೆ. ಆರಾಮಾಗಿದ್ದೇನೆ ಎಂದು ತಾನೇ ಬಿಡುವುದು ಮಾಮೂಲಿ. ಅವನು ಒಮ್ಮೆ ಕುಡಿದು ಬಂದರೆ ಎಲ್ಲ ಮುಳುಗಿತೆಂದು ಅಳಬೇಡಿ, ಮುಂದಿನ ತಾರೀಖಿಗೆ ಕಾಯದೆ ಮರುದಿನವೇ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.