ಎಡದಿಂದ ಮೂರನೆಯವರು ಯಾರು?

ನಮಸ್ಕಾರ,

ನೀವು ಕಳಿಸಿದ ‘ಸರ್ವಾಧಿಕಾರದ ಮುಖಗಳು’ ಲೇಖನವನ್ನು ಎರಡು ಸಲ ಓದಿದೆ. ತುರ್ತು ಪರಿಸ್ಥಿತಿಯ ಕಾಲದ ನಾಯಕರ ಹಳೆಯ ಫೋಟೋಗಳು, ಜೊತೆಗೆ ಜರ್ಮನಿ, ರಷ್ಯಾದ್ದು ಒಂದೊಂದು. ಕಾಸರಗೋಡಿನ ಬದಿಯಡ್ಕದಲ್ಲಿ ಕೂತು ಇಷ್ಟನ್ನು ಒಟ್ಟು ಮಾಡಿದ್ದೀರಿ, ಸಣ್ಣ ಕೆಲಸ ಅಲ್ಲ. ಆದರೆ ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ. ‘ವಿಷಾದವಿದೆ’ ಅಂತ ಎರಡು ಸಾಲು ಬರೆದು ಮುಗಿಸಲೂ ಮನಸ್ಸಾಗಲಿಲ್ಲ. ಕಾರಣ ನಿಮ್ಮ 6ನೇ ಪುಟದಲ್ಲಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಬೈಗಳು. ನೀವು ಮುಖ ನೋಡಿ ಭವಿಷ್ಯ ಹೇಳುತ್ತೀರಿ. ‘ಕಣ್ಣಲ್ಲಿ ಅಧಿಕಾರದ ದಾಹ’, ‘ತುಟಿಯಂಚಲ್ಲಿ ಕ್ರೌರ್ಯ’, ಇಂಥದ್ದು ನಾಲ್ಕು ಕಡೆ ಇದೆ. ಮುಂದೆ ಏನಾಯಿತು ಅಂತ ಗೊತ್ತಿರುವುದರಿಂದ ನಿಮಗೆ ಹಾಗೆ ಕಾಣುತ್ತದೆ, ಅಷ್ಟೇ. ನೀವೇ ಆರಿಸಿದ, ಜರ್ಮನಿಯ ಪೋಟ್ಸ್‌ಡ್ಯಾಮ್ ಊರಿನ ಫೋಟೋ ನೋಡಿ. 1933ರ ಮಾರ್ಚ್ 21. ಹಿಟ್ಲರ್ ಮಿಲಿಟರಿ ಉಡುಪಿನಲ್ಲಿಲ್ಲ, ಕಪ್ಪು ಕೋಟು ಹಾಕಿದ್ದಾನೆ. ಮುದುಕ ಅಧ್ಯಕ್ಷ ಹಿಂಡೆನ್‌ಬರ್ಗ್‌ನ ಕೈ ಹಿಡಿದು ತಲೆ ಬಗ್ಗಿಸಿದ್ದಾನೆ, ಮಾವನ ಮನೆಗೆ ಮೊದಲ ಸಲ ಬಂದ ಅಳಿಯನ ಹಾಗೆ. ಎರಡೇ ದಿನ ಕಳೆದು, 444–94 ಮತಗಳಿಂದ, ಸಂಸತ್ತನ್ನು ಕೇಳದೆ ಕಾನೂನು ಮಾಡುವ ಅಧಿಕಾರ ಅವನ ಸರ್ಕಾರದ ಕೈಗೆ ಹೋಯಿತು. ಈ ಫೋಟೋ ನೋಡಿದರೆ ನನಗೆ ಹೆದರಿಕೆಯಾಗುವುದು ಆ ವಿನಯಕ್ಕೇ. ನೀವು ಬರೆದದ್ದು ‘ಕಣ್ಣಲ್ಲಿ ಕಿಡಿ’ ಅಂತ. ತಲೆ ತಗ್ಗಿಸಿ ನಿಂತವನ ಕಣ್ಣು ನಿಮಗೆ ಕಂಡದ್ದು ಹೇಗೆ ಮಾರಾಯ್ರೆ?

ಇನ್ನು ತಾರೀಕು. ಜಾರ್ಜ್ ಫರ್ನಾಂಡಿಸ್ ಬೇಡಿ ಹಾಕಿದ ಕೈ ಎತ್ತಿದ ಫೋಟೋ ‘1975ರ ಜೂನ್ 26’ರದ್ದು ಅಂತ ಹಾಕಿದ್ದೀರಿ. ಆಗ ಅವರು ಸಿಕ್ಕಿಯೇ ಇರಲಿಲ್ಲ. ಒಂದು ವರ್ಷದ ಹತ್ತಿರ ಭೂಗತರಾಗಿದ್ದು, 1976ರ ಜೂನ್‌ನಲ್ಲಿ ಕಲ್ಕತ್ತಾದಲ್ಲಿ ಸಿಕ್ಕಿಬಿದ್ದರು. ಹುಟ್ಟಿದ್ದು ಮಂಗಳೂರಿನಲ್ಲಿ, ನಾವು ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸ್ ಬರುವ ಊರು. ಆ ಒಂದು ವರ್ಷವನ್ನು ನುಂಗಿದರೆ ಫೋಟೋದ ಅರ್ಥವೇ ಬೇರೆಯಾಗುತ್ತದೆ. ಇನ್ನೊಂದು ನೋಡಿ, ಅವರು ಕೈ ಎತ್ತಿದ್ದು ಎದುರಿಗೆ ಕ್ಯಾಮೆರಾ ಇದೆ ಅಂತ ಗೊತ್ತಿದ್ದೇ. 1977ರಲ್ಲಿ ಅವರು ಜೈಲಿನೊಳಗಿಂದಲೇ ಬಿಹಾರದ ಮುಝಫ್ಫರ್‌ಪುರದಲ್ಲಿ 3 ಲಕ್ಷಕ್ಕೂ ಜಾಸ್ತಿ ಮತಗಳ ಅಂತರದಿಂದ ಗೆದ್ದರು. ಪ್ರಚಾರಕ್ಕೆ ಬೀದಿಗೆ ಹೋದದ್ದು ಆ ಫೋಟೋ.

ಪತ್ರಿಕೆಯಿಂದ ತೆಗೆದ ಚಿತ್ರಗಳಿಗೂ ಇದೇ ಮಾತು. ತುರ್ತು ಪರಿಸ್ಥಿತಿ ಬಂದ 1975ರ ಜೂನ್ 25ರ ರಾತ್ರಿ ದೆಹಲಿಯ ಪತ್ರಿಕೆಗಳ ಪ್ರೆಸ್ಸಿಗೆ ಕರೆಂಟ್ ತೆಗೆದರು, ಆಮೇಲೆ ಸೆನ್ಸಾರ್ ಬಂತು. ಹಾಗಾಗಿ 1976ರ ಪೇಪರಿನಲ್ಲಿ ನಗುವ ಮಂತ್ರಿಯ ಫೋಟೋ ಇದೆ ಅಂದರೆ ಸೆನ್ಸಾರಿನವರು ಅದನ್ನು ಬಿಟ್ಟಿದ್ದಾರೆ ಅಂತ ಅರ್ಥ. ನೀವು ಅದನ್ನು ‘ಆ ಕಾಲದ ಕನ್ನಡಿ’ ಅಂದಿದ್ದೀರಿ. ಆ ಶಬ್ದ ಹೊಡೆದು ಹಾಕಿ.

‘1977ರಲ್ಲಿ ನಮ್ಮ ಕಾಸರಗೋಡು ಜಿಲ್ಲೆಯ ಜನ ತಕ್ಕ ಪಾಠ ಕಲಿಸಿದರು.’ ಈ ಒಂದು ವಾಕ್ಯದಲ್ಲಿ ಎರಡು ತಪ್ಪು. ಜಿಲ್ಲೆ ಆದದ್ದು 1984ರಲ್ಲಿ, ಆಗ ನಾವು ಕಣ್ಣೂರಿಗೆ ಸೇರಿದವರು. ಪಾಠವನ್ನಂತೂ ಯಾರೂ ಕಲಿಸಲಿಲ್ಲ. ಆ ಲೋಕಸಭಾ ಚುನಾವಣೆಯಲ್ಲಿ ಕೇರಳದ 20ಕ್ಕೆ 20 ಸೀಟೂ ಕಾಂಗ್ರೆಸ್ ಕೂಟಕ್ಕೇ ಹೋಯಿತು, ಕಾಸರಗೋಡಿನಲ್ಲಿ ಕಾಂಗ್ರೆಸ್ಸಿನ ಕಡನ್ನಪ್ಪಳ್ಳಿ ರಾಮಚಂದ್ರನ್ ಎರಡನೇ ಸಲ ಗೆದ್ದರು. ಗಡಿಯ ತಲಪಾಡಿ ದಾಟಿದರೂ ಅದೇ ಕಥೆ, ಕರ್ನಾಟಕದ 28ರಲ್ಲಿ 26 ಕಾಂಗ್ರೆಸ್ಸಿಗೆ. ಉತ್ತರ ಭಾರತದಲ್ಲಿ ಕಾಂಗ್ರೆಸ್ ಸೋತ ಕಥೆಯನ್ನು ತಂದು ನಮ್ಮೂರಿಗೆ ಅಂಟಿಸಿದ್ದೀರಿ. ನಮ್ಮವರು ಯಾಕೆ ಹಾಗೆ ಮತ ಹಾಕಿದರು ಅಂತ ಕೇಳಲು ಇನ್ನೂ ಜನ ಬದುಕಿದ್ದಾರೆ. ಕೇಳಿ.

ಕೇರಳದ್ದು ಅಂತ ಒಂದು ಫೋಟೋವೂ ಇಲ್ಲ, ಅಲ್ವಾ? 1976ರ ಮಾರ್ಚ್ 1ರಂದು ಕಲ್ಲಿಕೋಟೆಯ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ರಾಜನ್‌ನನ್ನು ಪೊಲೀಸರು ಒಯ್ದರು, ಹುಡುಗ ತಿರುಗಿ ಬರಲಿಲ್ಲ. ಆಗ ಗೃಹಮಂತ್ರಿಯಾಗಿದ್ದ ಕರುಣಾಕರನ್ ಮುಂದಿನ ವರ್ಷ ಮುಖ್ಯಮಂತ್ರಿಯಾದರು, ಈ ಪ್ರಕರಣದಿಂದಲೇ ಏಪ್ರಿಲ್‌ನಲ್ಲಿ ಕುರ್ಚಿ ಬಿಟ್ಟರು. ಅವರ ಆ ಒಂದು ತಿಂಗಳಿನ ಫೋಟೋಗಳನ್ನು ಹುಡುಕಿ ನೋಡಿ.

ಈಗ 6ನೇ ಪುಟ. ಸ್ಟಾಲಿನ್ ಪಕ್ಕದಲ್ಲಿದ್ದ, ಅವನ ರಹಸ್ಯ ಪೊಲೀಸರ ಮುಖ್ಯಸ್ಥ ಯೆಝೋವ್ ಅಧಿಕಾರದಿಂದ ಬಿದ್ದ ಮೇಲೆ ಅವನನ್ನು ಫೋಟೋದಿಂದ ಅಳಿಸಿ, ಅಲ್ಲಿ ಕಾಲುವೆಯ ನೀರು ತುಂಬಿದ್ದನ್ನು ಒಂದೂವರೆ ಪುಟ ಬರೆದಿದ್ದೀರಿ. ಅದು ಹತ್ತು ಜನ ಬರೆದದ್ದೇ. ಅದರ ಕೆಳಗೆ, ಸುಮ್ನೆ ಹೋಗ್ತಾ ಹೋಗ್ತಾ ಹೇಳಿದ ಹಾಗೆ, ಮೂರು ಸಾಲು: ಅಜ್ಜನ ಮನೆಯ ಚಾವಡಿಯಲ್ಲಿ 1976ರ ಸೊಸೈಟಿ ಕಟ್ಟಡದ ಉದ್ಘಾಟನೆಯ ಗ್ರೂಪ್ ಫೋಟೋ ಇದೆ, ನಡುವೆ ಮಂತ್ರಿ ಕೂತಿದ್ದಾರೆ, ಎಡದಿಂದ ಮೂರನೆಯವರ ಮುಖಕ್ಕೆ ಅಜ್ಜ ನೀಲಿ ಶಾಯಿ ಬಳಿದಿದ್ದರು, ಯಾಕೆ ಅಂತ ಅಜ್ಜಿ ಹೇಳುವುದಿಲ್ಲ.

ಇಲ್ಲಿ ನಾನು ಓದುವುದನ್ನು ನಿಲ್ಲಿಸಿ ಚಾ ಮಾಡಿಕೊಂಡು ಬಂದೆ. ಫೋಟೋವನ್ನು ಎಸೆಯಲಿಲ್ಲ, ಗೋಡೆಯಿಂದ ಇಳಿಸಲೂ ಇಲ್ಲ. ಶಾಯಿ ಬಳಿದು ಮತ್ತೆ ಅದೇ ಮೊಳೆಗೆ ನೇತು ಹಾಕಿದರು. ಅಂದರೆ ಬಂದುಹೋದವರೆಲ್ಲ ನೋಡಲಿ ಅಂತಲೇ? ಆ ಮೂರನೆಯವರು ಯಾರನ್ನಾದರೂ ಹಿಡಿದುಕೊಟ್ಟರೇ, ಅಥವಾ ಬರೀ ಸಾಲದ ಜಗಳವೇ? ಸಾಲದ ಜಗಳವಾದರೂ ಬರೆಯಿರಿ, ಮುಚ್ಚಿಡಬೇಡಿ.

‘ಹಿಂದೆ ಬ್ಯಾನರಿನಲ್ಲಿ ಮಲಯಾಳದಲ್ಲಿ ಏನೋ ಬರೆದಿದೆ’ ಅಂದಿದ್ದೀರಿ. ಏನೋ ಅಂದರೆ? ಪಕ್ಕದ ಮನೆಯವರಿಂದ ಓದಿಸಿದರೆ ಆಗುತ್ತಿತ್ತು. ಇಂದಿರಾ ಸರ್ಕಾರದ 20 ಅಂಶದ ಕಾರ್ಯಕ್ರಮದ ಬ್ಯಾನರ್ ಇರಬಹುದು, ಬೇರೆ ಏನಾದರೂ ಇರಬಹುದು. ಅಜ್ಜಿಯನ್ನು ನೇರವಾಗಿ ‘ಯಾಕೆ’ ಅಂತ ಕೇಳಬೇಡಿ. ಉಳಿದವರು ಯಾರ್‍ಯಾರು ಅಂತ ಬಲದಿಂದ ಶುರು ಮಾಡಿ, ಒಬ್ಬೊಬ್ಬರದೇ ಹೆಸರು ಕೇಳುತ್ತಾ ಬನ್ನಿ.

ಪೋಟ್ಸ್‌ಡ್ಯಾಮ್, ಜಾರ್ಜ್ ಎರಡನ್ನು ಇಟ್ಟುಕೊಳ್ಳಿ, ಉಳಿದದ್ದು ತೆಗೆಯಿರಿ. ಮಳೆ ಹಿಡಿಯುವ ಮೊದಲು ಆ ಫ್ರೇಮ್ ಕೆಳಗಿಳಿಸಿ. ಹಿಂದಿನ ರಟ್ಟು ಮಾತ್ರ ಬಿಚ್ಚಿ, ಸ್ಟುಡಿಯೋದ ಸೀಲೋ ಪೆನ್ಸಿಲ್‌ನಲ್ಲಿ ಬರೆದ ಹೆಸರೋ ಇದೆಯಾ ನೋಡಿ, ಮೊಬೈಲಲ್ಲಿ ತೆಗೆದು ಕಳಿಸಿ. ನಮ್ಮ ಕಡೆಯ ತೇವಕ್ಕೆ ಹಳೆಯ ಪ್ರಿಂಟು ಗಾಜಿಗೆ ಅಂಟಿಕೊಂಡಿರುತ್ತದೆ. ಬಿಡಿಸಲು ಹೋಗಿ ಎಳೆಯಬೇಡಿ, ಮುಖಗಳೆಲ್ಲ ಗಾಜಿನ ಜೊತೆಗೇ ಎದ್ದು ಬರುತ್ತವೆ.

ನಿಮ್ಮ,
ಸಂಪಾದಕ