ಏಳು ಅಂಕ ಅಂದ್ರೆ ಎಷ್ಟು?

ಆ ತಾಯಿ ಬಂದು ಕೂತವರೇ ಫೋನ್ ತೆಗೆದು ನನ್ನ ಕೈಗಿಟ್ಟರು. "ಐದು ತಿಂಗಳಿಂದ ಒಂದು ದಿನವೂ ಬಿಟ್ಟಿಲ್ಲ ಮೇಡಂ. ಎಲ್ಲಾ ಇದರಲ್ಲಿದೆ. ನೋಡಿ ಹೇಳಿ, ನನ್ನ ಮಗ ಸುಧಾರಿಸ್ತಾ ಇದಾನಾ, ಇಲ್ವಾ?"

ಗುರುತು ಸಿಗದಂತೆ ಕೆಲವು ವಿವರ ಬದಲಿಸಿ, ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹುಡುಗನನ್ನು ಪುಟ್ಟ ಎನ್ನೋಣ. ಆರು ವರ್ಷ. ಮೂರನೇ ವಯಸ್ಸಿನಲ್ಲಿ ಆಟಿಸಂ ಇದೆ ಎಂದು ಗೊತ್ತಾಗಿದೆ. ಬಾಯಲ್ಲಿ ಬರುವುದು ಕೆಲವೇ ಪದ. ಬೇಕಾದ್ದನ್ನು ಚಿತ್ರ ತೋರಿಸಿ ಇಲ್ಲವೇ ಕೈ ಹಿಡಿದು ಎಳೆದು ಕೇಳುತ್ತಾನೆ. ಸ್ಪೀಚ್ ಥೆರಪಿ, ದಿನನಿತ್ಯದ ಕೆಲಸಗಳನ್ನು ರೂಢಿಸುವ ಆಕ್ಯುಪೇಷನಲ್ ಥೆರಪಿ ಎರಡೂ ನಡೆಯುತ್ತಿವೆ.

ಮಗನ ವರ್ತನೆ ಬರೆದಿಡಲು ತಾಯಿ ಫೋನಿನಲ್ಲಿ ಬಳಸುತ್ತಿದ್ದ ಆ್ಯಪ್ ದಿನಕ್ಕೆ 38 ಪ್ರಶ್ನೆ ಕೇಳುತ್ತಿತ್ತು. ಕಣ್ಣಲ್ಲಿ ಕಣ್ಣಿಟ್ಟು ನೋಡಿದನಾ, ಕೈ ಪಟಪಟ ಆಡಿಸಿದನಾ, ಹೇಳಿದ್ದನ್ನೇ ಹೇಳಿದನಾ, ಹಟ ಮಾಡಿದನಾ, ತನಗೆ ತಾನೇ ಹೊಡೆದುಕೊಂಡನಾ, ನಿದ್ದೆ ಹೇಗೆ, ಹೀಗೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ಹತ್ತರೊಳಗೆ ಅಂಕ. ಕೊನೆಗೆ ಆ ದಿನಕ್ಕೊಂದು ಬಣ್ಣ: ಹಸಿರು, ಹಳದಿ, ಕೆಂಪು. ಪುಟ್ಟ ಮಲಗಿದ ಮೇಲೆ, ರಾತ್ರಿ ಹನ್ನೊಂದಕ್ಕೆ, ಅವರು ಕೂತು ತುಂಬುತ್ತಿದ್ದರು. ಮೂರು ವಾರದಿಂದ ದಿನವೂ ಕೆಂಪು.

"ಕೆಂಪು ಬಂದ ದಿನ ನಾನೇ ಫೇಲಾದ ಹಾಗೆ ಅನ್ಸುತ್ತೆ," ಎಂದು ಅತ್ತರು. ಮಗ ಹಿಂದಕ್ಕೆ ಹೋಗುತ್ತಿದ್ದಾನೆ, ಡಾಕ್ಟರ ಹತ್ತಿರ ಮಾತ್ರೆ ಕೇಳೋಣವೇ ಎನ್ನುವುದು ಅವರು ಹೊತ್ತು ತಂದ ಪ್ರಶ್ನೆ.

ಗ್ರಾಫ್ ನೋಡುವ ಮೊದಲು ನಾನೊಂದು ಕೇಳಿದೆ. "ನಿನ್ನೆ ಹಟಕ್ಕೆ ಏಳು ಕೊಟ್ಟಿದ್ದೀರಿ. ಏಳು ಅಂದ್ರೆ ಎಷ್ಟು?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ತುಂಬಾ ಜೋರಾಗಿತ್ತು," ಎಂದರು. ಪಕ್ಕದಲ್ಲಿದ್ದ ಗಂಡ ಮೆಲ್ಲಗೆ ಹೇಳಿದರು: "ನಾನೂ ಅಲ್ಲೇ ಇದ್ದೆ. ನಾನಾಗಿದ್ರೆ ಮೂರು ಕೊಡ್ತಿದ್ದೆ."

ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಒಬ್ಬರು ಇಡೀ ದಿನ ಮಗುವಿನ ಜೊತೆ ಇದ್ದವರು, ಇನ್ನೊಬ್ಬರು ಸಂಜೆ ಮನೆಗೆ ಬಂದವರು. ಅದೇ ಅರ್ಧ ಗಂಟೆ ಇಬ್ಬರಿಗೂ ಬೇರೆ ಬೇರೆ ಭಾರ. ನಂತರ ಐದು ತಿಂಗಳ ಅಂಕಗಳನ್ನು ಒಟ್ಟಿಗೆ ನೋಡಿದೆವು. ಹಟ ಜಾಸ್ತಿಯಾದ ದಿನ ನಿದ್ದೆಯ ಅಂಕವೂ ಕೆಟ್ಟಿತ್ತು, ಮಾತಿನದ್ದೂ ಕೆಟ್ಟಿತ್ತು, ಕಣ್ಣಿನ ನೋಟದ್ದೂ ಕೆಟ್ಟಿತ್ತು. 38 ಅಂಕಗಳೂ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತಿದ್ದರೆ, ಅಲ್ಲಿ ದಾಖಲಾಗುತ್ತಿರುವುದು ಬಹುಪಾಲು ಬರೆಯುವವರ ದಣಿವು. ಇದನ್ನು ಅವರಿಗೆ ನೋವಾಗದಂತೆ ಹೇಳಬೇಕಿತ್ತು. "ಈ ಗ್ರಾಫ್‌ನಲ್ಲಿ ನನಗೆ ಪುಟ್ಟನಿಗಿಂತ ನೀವು ಜಾಸ್ತಿ ಕಾಣ್ತೀರಿ. ನೀವು ಎಷ್ಟು ಹೊತ್ತು ಮಲಗ್ತೀರಿ?" ಎಂದೆ. ಐದು ಗಂಟೆಯೂ ಇಲ್ಲ ಎಂದರು.

ಪಟ್ಟಿಯನ್ನು ಕತ್ತರಿಸಲು ಕೂತೆವು. ಮೊದಲು ಹೋಗಿದ್ದು ಕೈ ಪಟಪಟ ಆಡಿಸುವುದು. ಅದರಿಂದ ಅವನಿಗೆ ಪೆಟ್ಟಾಗುತ್ತಾ? ಇಲ್ಲ. ಖುಷಿಯಾದಾಗಲೂ ಮಾಡ್ತಾನೆ. ಮಾನಸಿಕ ಹಾಗೂ ಬೆಳವಣಿಗೆಯ ತೊಂದರೆಗಳನ್ನು ಗುರುತಿಸಲು ವೈದ್ಯರು ಬಳಸುವ, 2013ರಲ್ಲಿ ಬಂದ ಡಿಎಸ್‌ಎಂ-5 ಕೈಪಿಡಿಯಲ್ಲಿ ಇಂಥ ಚಲನೆಗಳು ಆಟಿಸಂ ಗುರುತಿಸುವ ಲಕ್ಷಣಗಳ ಸಾಲಿನಲ್ಲಿವೆ, ನಿಜ. ಆದರೆ ಗುರುತಿಸಲು ಬಳಸುವ ಲಕ್ಷಣವನ್ನೆಲ್ಲ ದಿನವೂ ಎಣಿಸಿ ಕಡಿಮೆ ಮಾಡಬೇಕು ಎಂದೇನಿಲ್ಲ. ತನ್ನನ್ನು ಸಮಾಧಾನ ಮಾಡಿಕೊಳ್ಳಲು ಮಗು ಕಂಡುಕೊಂಡ ದಾರಿ ಅದು. ಕಣ್ಣಿನ ನೋಟದ ಪ್ರಶ್ನೆಯನ್ನೂ ತೆಗೆಸಿದೆ. ಹಾಗೆ ದಿಟ್ಟಿಸಿ ನೋಡುವುದೇ ಹಿಂಸೆ ಎಂದು ಆಟಿಸಂ ಇರುವ ಎಷ್ಟೋ ದೊಡ್ಡವರು ಹೇಳಿಕೊಂಡಿದ್ದಾರೆ. ಅವರ ಮಾತಿಗೆ ನಾನು ತುಂಬಾ ಬೆಲೆ ಕೊಡುತ್ತೇನೆ.

ಕೊನೆಗೆ ಉಳಿದದ್ದು ಮೂರು. ತನಗೆ ತಾನೇ ಹೊಡೆದುಕೊಳ್ಳುವುದು, ನಿದ್ದೆ, ಮತ್ತು ತಾನಾಗಿ ಏನನ್ನಾದರೂ ಕೇಳುವುದು. ಮೂರನೆಯದನ್ನು ಬೇಕೆಂದೇ ಸೇರಿಸಿದೆ. ಕೆಟ್ಟದ್ದನ್ನು ಮಾತ್ರ ಬರೆಯುತ್ತಾ ಹೋದರೆ ಒಳ್ಳೆಯದು ಕಣ್ಣಿಗೇ ಬೀಳುವುದಿಲ್ಲ.

ಮೂರಕ್ಕೂ ಅಂಕ ಬೇಡ, ಎಣಿಕೆ ಸಾಕು ಎಂದೆ. ಹೊಡೆದುಕೊಳ್ಳುವುದು ಅಂದ್ರೆ ಏನು ಎಂದು ಮನೆಯವರೆಲ್ಲ ಸೇರಿ ಒಂದು ವಾಕ್ಯ ಬರೆದರು: "ತಲೆಗೋ ಮುಖಕ್ಕೋ ಸದ್ದು ಕೇಳುವ ಹಾಗೆ ಕೈಯಿಂದ ಹೊಡೆದುಕೊಂಡರೆ ಒಂದು ಸಲ. ನಡುವೆ ಒಂದು ನಿಮಿಷ ನಿಂತು ಮತ್ತೆ ಶುರುವಾದರೆ ಇನ್ನೊಂದು ಸಲ." ಎರಡು ದಿನ ಅಮ್ಮ, ಅಪ್ಪ, ಅಜ್ಜಿ ಮೂವರೂ ಬೇರೆ ಬೇರೆಯಾಗಿ ಎಣಿಸಿ ಹೋಲಿಸಿ ನೋಡಿದರು. ಮೊದಲ ದಿನ ಲೆಕ್ಕ ಹೊಂದಲಿಲ್ಲ. ಎರಡನೇ ದಿನ ಮೂವರದ್ದೂ ಹೆಚ್ಚುಕಡಿಮೆ ಒಂದೇ ಬಂತು. ನಿದ್ದೆಗೆ ಮಲಗಿಸಿದ ಹೊತ್ತು, ನಿದ್ದೆ ಹತ್ತಿದ ಹೊತ್ತು, ನಡುವೆ ಎದ್ದದ್ದು, ಬೆಳಿಗ್ಗೆ ಎದ್ದದ್ದು, ಇಷ್ಟೇ.

ಆ್ಯಪ್‌ನಲ್ಲಿ ಟಿಪ್ಪಣಿ ಬರೆಯಲು ಖಾಲಿ ಜಾಗ ಇತ್ತು. ಐದು ತಿಂಗಳಲ್ಲಿ ಅವರು ಅದನ್ನು ಮುಟ್ಟಿರಲೇ ಇಲ್ಲ. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಅದೇ. ಪ್ರತಿ ಸಲಕ್ಕೂ ಮೂರು ಚಿಕ್ಕ ಸಾಲು: ಅದಕ್ಕೆ ಮುಂಚೆ ಏನು ನಡೀತಿತ್ತು, ಅವನು ಏನು ಮಾಡಿದ, ಆಮೇಲೆ ನಾವು ಏನು ಮಾಡಿದೆವು. ವರ್ತನೆಯನ್ನು ಅರ್ಥ ಮಾಡಿಕೊಳ್ಳಲು ಥೆರಪಿಸ್ಟ್‌ಗಳು ಬಹಳ ಕಾಲದಿಂದ ಬಳಸುವ ವಿಧಾನವೇ ಇದು. ರಾತ್ರಿಯವರೆಗೆ ಕಾಯಬಾರದು, ಆದಷ್ಟು ಬೇಗ ಬರೆಯಬೇಕು. ಬೆರಳಲ್ಲಿ ಒತ್ತಲು ಬೇಜಾರಾದರೆ ಬಾಯಲ್ಲಿ ಹೇಳಿ ಬರೆಸಬಹುದು. ಆದರೆ ಮಗು ಹೊಡೆದುಕೊಳ್ಳುತ್ತಿರುವಾಗ ಕೈಗೆ ಫೋನ್ ತೆಗೆದುಕೊಳ್ಳಲೇಬೇಡಿ. ಮೊದಲು ತಲೆಗೆ ಪೆಟ್ಟಾಗದಂತೆ ನೋಡಿಕೊಳ್ಳಿ, ಸದ್ದು, ಬೆಳಕು ಕಡಿಮೆ ಮಾಡಿ, ಮಾತೂ ಕಡಿಮೆ ಮಾಡಿ. ಅವನು ತಣ್ಣಗಾದ ಮೇಲೆ ಬರೆಯಿರಿ.

ಎರಡು ವಾರ ಬಿಟ್ಟು ಬಂದಾಗ 26 ಟಿಪ್ಪಣಿಗಳಿದ್ದವು. ಮೇಜಿನ ಮೇಲೆ ಫೋನ್ ಇಟ್ಟುಕೊಂಡು ಮೂವರೂ ಒಂದೊಂದಾಗಿ ಓದಿದೆವು. ಹತ್ತನೆಯದಕ್ಕೆ ಬರುವಷ್ಟರಲ್ಲಿ ತಾಯಿಯೇ ನಿಲ್ಲಿಸಿದರು. "ಊಟ ಆದ ಮೇಲೆ. ಮತ್ತೆ ಊಟ ಆದ ಮೇಲೆ. ಇದೂ ಊಟ ಆದ ಮೇಲೆ." 26ರಲ್ಲಿ 19 ಸಲ ಒಂದೋ ಊಟವಾಗಿ ಅರ್ಧ ಗಂಟೆಯೊಳಗೆ, ಇಲ್ಲವೇ ರಾತ್ರಿ ಮಲಗಿದಾಗ. ಹೆಚ್ಚಿನ ಕಡೆ ಅಜ್ಜಿ ಇನ್ನೊಂದು ಪದವನ್ನೂ ಸೇರಿಸಿದ್ದರು: "ಎಡಗೆನ್ನೆ."

ನಾನು ಡಾಕ್ಟರಲ್ಲ. ಆದರೆ ನೋವನ್ನು ಬಾಯಲ್ಲಿ ಹೇಳಲಾಗದ ಮಗು ಒಂದೇ ಜಾಗಕ್ಕೆ ಹೊಡೆದುಕೊಳ್ಳುತ್ತಿದ್ದರೆ ಮೊದಲು ನೋವನ್ನು ಹುಡುಕಬೇಕು. ಕಿವಿ, ಹಲ್ಲು, ಹೊಟ್ಟೆ. ವರ್ತನೆಗೆ ಮಾತ್ರೆಯ ಮಾತು ಅದಾದ ಮೇಲೆ. ಆ ಟಿಪ್ಪಣಿಗಳನ್ನೇ ತೆಗೆದುಕೊಂಡು ವೈದ್ಯರ ಹತ್ತಿರ ಹೋಗಿ ಎಂದು ಕಳಿಸಿದೆ. ಎಡಗಡೆಯ ಕೆಳ ದವಡೆ ಹಲ್ಲು ಹುಳುಕಾಗಿ ಒಸಡು ಊದಿತ್ತು. ಚಿಕಿತ್ಸೆಯಾಯಿತು. ನಂತರದ ಹತ್ತು ದಿನದಲ್ಲಿ ಹೊಡೆದುಕೊಂಡದ್ದು ನಾಲ್ಕು ಸಲ.

ಮುಂದಿನ ಭೇಟಿಯಲ್ಲಿ ತಾಯಿ ಸಮಾಧಾನಕ್ಕಿಂತ ಜಾಸ್ತಿ ಸಂಕಟದಲ್ಲಿದ್ದರು. "ಅವನು ನೋವು ತಿಂತಿದ್ದ. ನಾನು ಅಂಕ ಹಾಕ್ತಾ ಕೂತಿದ್ದೆ." ಆ ದಿನ ಆ್ಯಪ್ ತೆರೆಯಲೇ ಇಲ್ಲ. ಏನೋ ಸರಿಯಿಲ್ಲ ಅಂತ ನಿಮಗೆ ಅನ್ನಿಸಿತ್ತು, ಅದಕ್ಕೇ ಅಲ್ವಾ ಇಲ್ಲಿಗೆ ಬಂದದ್ದು ಎಂದೆ. ನಿಮ್ಮ ಗಮನ ಸರಿಯಾಗಿಯೇ ಇತ್ತು, ಆ ಪ್ರಶ್ನೆಗಳು ಅದನ್ನು ಹಿಡಿಯುವ ಹಾಗಿರಲಿಲ್ಲ. ಇದು ಸಮಾಧಾನಕ್ಕೆ ಹೇಳಿದ ಮಾತಲ್ಲ, ನಾನು ನಿಜವಾಗಿ ನಂಬಿರುವುದು.

ಮಾತ್ರೆಯ ವಿಷಯ ಅವರೇ ಮತ್ತೆ ಎತ್ತಿದರು. ಆಟಿಸಂನ ಮೂಲ ಲಕ್ಷಣಗಳನ್ನು ತೆಗೆದುಹಾಕುವ ಔಷಧ ಇಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2006ರಲ್ಲಿ ರಿಸ್ಪೆರಿಡೋನ್‌ಗೆ, 2009ರಲ್ಲಿ ಅರಿಪಿಪ್ರಜೋಲ್‌ಗೆ ಒಪ್ಪಿಗೆ ಕೊಟ್ಟದ್ದು ಆಟಿಸಂ ಇರುವ ಮಕ್ಕಳ ತೀವ್ರ ಸಿಡಿಮಿಡಿ, ಸಿಟ್ಟು, ಸ್ವಯಂಗಾಯದಂಥ ತೊಂದರೆಗೆ. ತೂಕ ಏರುವಂಥ ಅಡ್ಡಪರಿಣಾಮಗಳೂ ಇವೆ. ಬೇಕೋ ಬೇಡವೋ ತೀರ್ಮಾನಿಸುವುದು ವೈದ್ಯರು. ಮುಂದೆಂದಾದರೂ ಶುರು ಮಾಡಿದರೆ, ಅದಕ್ಕೆ ಮೊದಲಿನ ಎರಡು ವಾರದ ಎಣಿಕೆ ಕೈಯಲ್ಲಿರಲಿ ಎಂದೆ. ಹೋಲಿಸಲು ಹಿಂದಿನದು ಇಲ್ಲದಿದ್ದರೆ ಔಷಧ ಕೆಲಸ ಮಾಡಿತೋ ಇಲ್ಲವೋ ತಿಳಿಯುವುದು ಕಷ್ಟ. ಹೊಸ ಥೆರಪಿ, ಹೊಸ ಶಾಲೆ, ಮಲಗುವ ಹೊತ್ತಿನ ಬದಲಾವಣೆಗೂ ಇದೇ ಮಾತು. ಒಂದು ಸಲಕ್ಕೆ ಒಂದನ್ನೇ ಬದಲಿಸಿ.

ಬರೆದು ಕೊಟ್ಟ ಸಲಹೆಯಲ್ಲಿ ಇನ್ನೂ ಕೆಲವು ಇದ್ದವು. ದಿನದ ಬಣ್ಣ ತೋರಿಸುವುದನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿ. ನಿನ್ನೆಗೂ ಇವತ್ತಿಗೂ ಹೋಲಿಸಬೇಡಿ, ವಾರಕ್ಕೊಮ್ಮೆ ಒಟ್ಟಿಗೆ ನೋಡಿ, ಸಾಧ್ಯವಾದರೆ ಥೆರಪಿಸ್ಟ್ ಜೊತೆ ಕೂತು ನೋಡಿ. ವಾರದಲ್ಲಿ ಒಂದು ದಿನ ಏನೂ ಬರೆಯಬೇಡಿ, ಅವತ್ತು ಸುಮ್ನೆ ಮಗನ ಜೊತೆ ಇರಿ. ರಾತ್ರಿ ಒಂಬತ್ತರ ಮೇಲೆ ಫೋನ್ ಮುಟ್ಟಬೇಡಿ. ಆಟಿಸಂ ಶೇಕಡಾ ಇಷ್ಟು ಕಡಿಮೆಯಾಯಿತು ಎಂದು ತೋರಿಸುವ ಆ್ಯಪ್ ಆದರೆ ನಂಬಬೇಡಿ, ಆಟಿಸಂ ಜ್ವರದ ಹಾಗೆ ಡಿಗ್ರಿಯಲ್ಲಿ ಅಳೆಯುವಂಥದ್ದಲ್ಲ. ಕಲಿತ ಮಾತು ಮರೆಯುತ್ತಿದ್ದರೆ, ಕಣ್ಣು ನೆಟ್ಟು ಕರೆದರೂ ಓಗೊಡದೆ ನಿಂತರೆ, ಮೈ ಅದುರಿದರೆ, ಊಟ ಪೂರ್ತಿ ಬಿಟ್ಟರೆ ಗ್ರಾಫ್‌ಗೆ ಕಾಯದೆ ವೈದ್ಯರ ಹತ್ತಿರ ಹೋಗಿ. ಆಟಿಸಂ ಇರುವವರಲ್ಲಿ ಮೂರ್ಛೆ ರೋಗ ಉಳಿದವರಿಗಿಂತ ಹೆಚ್ಚು. ಅಂಥ ಹೊತ್ತಿನ ಒಂದು ಚಿಕ್ಕ ವಿಡಿಯೋ ವೈದ್ಯರಿಗೆ ತುಂಬಾ ನೆರವಾಗುತ್ತದೆ.

ವಿಡಿಯೋ ಎಂದೊಡನೆ ಒಂದು ವಿಷಯ ಹೊರಬಂತು. ಪುಟ್ಟ ಅಳುತ್ತಾ ನೆಲದ ಮೇಲೆ ಹೊರಳಾಡಿದ ಎಷ್ಟೋ ವಿಡಿಯೋಗಳು ಆ್ಯಪ್‌ನಲ್ಲಿದ್ದವು, ಕೆಲವು ನೆಂಟರ ಗುಂಪಿಗೂ ಹೋಗಿದ್ದವು. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಇವನು ನಾಳೆ ದೊಡ್ಡವನಾಗುತ್ತಾನೆ. ತನ್ನ ಅತ್ಯಂತ ಕಷ್ಟದ ಗಳಿಗೆ ಯಾರ್ಯಾರ ಫೋನಿನಲ್ಲಿದೆ ಎಂದು ಅವನಿಗೆ ಗೊತ್ತಾದರೆ ಹೇಗನ್ನಿಸಬಹುದು? ವೈದ್ಯರಿಗೆ ಬೇಕಾದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಅಳಿಸಿ. ಮಾಹಿತಿ ಎಲ್ಲಿಗೆ ಹೋಗುತ್ತದೆ, ಬೇಡವೆಂದಾಗ ಅಳಿಸಲು ಬರುತ್ತದಾ ಎಂದು ನೋಡಿ. ಆ್ಯಪ್ ಒಂದು ದಿನ ನಿಂತುಹೋಗಬಹುದು, ಹಾಗಾಗಿ ತಿಂಗಳಿಗೊಮ್ಮೆ ದಾಖಲೆ ಇಳಿಸಿಟ್ಟುಕೊಳ್ಳಿ. ತಂದೆ ಅಲ್ಲೇ ಕೂತು ಗುಂಪಿನ ವಿಡಿಯೋಗಳನ್ನು ತೆಗೆದರು.

ತಾಯಿಯ ನಿದ್ದೆಯನ್ನೂ ಎರಡು ವಾರ ಬರೆಸಿದೆ. ಅದನ್ನು ನೋಡಿ ತಂದೆ ವಾರದಲ್ಲಿ ಮೂರು ರಾತ್ರಿ ಪುಟ್ಟನ ಪಕ್ಕ ತಾವು ಮಲಗುವುದಾಗಿ ಹೇಳಿದರು.

ಕಳೆದ ಸಲ ಬಂದಾಗ "ಕೇಳಿದ್ದು" ಎನ್ನುವ ಸಾಲಿನಲ್ಲಿ ಒಂದು ಟಿಪ್ಪಣಿ ಇತ್ತು. "ಬಾಗಿಲಿನ ಚಿತ್ರ ತಂದುಕೊಟ್ಟ. ಹೊರಗೆ ಹೋದೆವು. ಕೈ ಪಟಪಟ ಆಡಿಸಿದ." ಕೊನೆಯ ಮೂರು ಪದ ಯಾಕೆ ಬರೆದಿರಿ ಎಂದು ಕೇಳಿದೆ. "ಖುಷಿಯಾಗಿದ್ದ ಅಲ್ವಾ, ಅದಕ್ಕೆ," ಎಂದರು. ನಿದ್ದೆ ಇನ್ನೂ ಸರಿಹೋಗಿಲ್ಲ. ರಾತ್ರಿ ಎರಡಕ್ಕೆ ಎದ್ದರೆ ನಾಲ್ಕರವರೆಗೆ ಮಲಗುವುದಿಲ್ಲ. ಈ ತಿಂಗಳು ಅದೊಂದನ್ನೇ ಬರೆಯುತ್ತಿದ್ದಾರೆ. ಅಪ್ಪನ ಮೂರು ರಾತ್ರಿಗಳ ಟಿಪ್ಪಣಿ ಅಪ್ಪನದೇ.